ಅನಾಬಾಲಿಕ್ ಸ್ಟೀರಾಯ್ಡನ್ನು ‘ಉದ್ದೀಪನ ಮದ್ದು’ ಎನ್ನಬಹುದೇ?

ಕ್ರೀಡಾ ವರದಿಗಳಲ್ಲಿ ರೂಢಿಯಾಗಿರುವ ‘ಉದ್ದೀಪನ ಮದ್ದು’ ಎಂಬ ಪದವನ್ನು ದೇಹದಾರ್ಢ್ಯ ಪಟುಗಳು ಬಳಸುವ ಅನಾಬಾಲಿಕ್ ಸ್ಟೀರಾಯ್ಡುಗಳಿಗೂ ಹಚ್ಚುವುದು ಸರಿಯೇ ಎಂಬುದು ನನ್ನ ಪ್ರಶ್ನೆ. ಉದ್ದೀಪನವೆಂದರೆ ಹೊತ್ತಿಸುವುದು, ಪ್ರಚೋದಿಸುವುದು. ಕಾವ್ಯಮೀಮಾಂಸೆಯಲ್ಲಿ ಭಾವವನ್ನು ಕೆರಳಿಸುವ ಸನ್ನಿವೇಶಕ್ಕೆ ಹೇಳುವ ಉದ್ದೀಪನ ವಿಭಾವದಲ್ಲಿಯೂ ಅರ್ಥ ಅದೇ. ನರಮಂಡಲವನ್ನು ಕೆಲವು ಗಂಟೆ ಚುರುಕಾಗಿಸುವ ಆಂಫೆಟಮಿನ್‌ಗೆ ಈ ಹೆಸರು ಒಪ್ಪುತ್ತದೆ. ಆದರೆ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಓಟಗಾರ ಬೆನ್ ಜಾನ್ಸನ್ ಅವರ ಚಿನ್ನದ ಪದಕವನ್ನು ಕಳೆದ ಸ್ಟಾನೊಜೊಲಾಲ್ ಆ ಬಗೆಯದಲ್ಲ. ಅದು ಪುರುಷ ಹಾರ್ಮೋನಾದ ಟೆಸ್ಟೊಸ್ಟೆರಾನ್‌ನ ಸಂಬಂಧಿ. ವ್ಯಾಯಾಮದೊಡನೆ ವಾರಗಟ್ಟಲೆ ತೆಗೆದುಕೊಂಡಾಗ ಸ್ನಾಯುಗಳಲ್ಲಿ ಪ್ರೋಟೀನ್ ಕಟ್ಟುವಿಕೆಯನ್ನು ಹೆಚ್ಚಿಸುತ್ತದೆ.

ಪದ ತಪ್ಪಿದರೆ ಅಪಾಯದ ಚಿತ್ರವೂ ತಪ್ಪುತ್ತದೆ. ಉದ್ದೀಪನ ಎಂದೊಡನೆ, ಸ್ಪರ್ಧೆ ಮುಗಿದ ಮೇಲೆ ಇಳಿದುಹೋಗುವ ಅಮಲಿನ ಕಲ್ಪನೆ ಬರುತ್ತದೆ. ಇಲ್ಲಿ ಹಾನಿ ಸದ್ದಿಲ್ಲದೆ ಕೂಡುತ್ತದೆ: ರಕ್ತದಲ್ಲಿ ಒಳ್ಳೆಯ ಕೊಲೆಸ್ಟರಾಲ್ ಕುಸಿದು ಕೆಟ್ಟದ್ದು ಏರುತ್ತದೆ, ಹೃದಯದ ಎಡ ಕುಹರದ ಗೋಡೆ ದಪ್ಪವಾಗಬಹುದು, ಕೆಂಪು ರಕ್ತಕಣಗಳು ಹೆಚ್ಚಿ ರಕ್ತ ಮಂದವಾಗಬಹುದು, ನುಂಗುವ ಮಾತ್ರೆಗಳಲ್ಲಿ ಹಲವು ಯಕೃತ್ತಿಗೂ ವಿಷ. ಹದಿಹರೆಯದಲ್ಲಿ ತೆಗೆದುಕೊಂಡರೆ ಎಲುಬಿನ ತುದಿಗಳು ಬೇಗ ಕೂಡಿಕೊಂಡು ಎತ್ತರ ನಿಂತುಹೋಗಬಹುದು.

ಬರಿಯ ‘ಸ್ಟೀರಾಯ್ಡ್’ ಎಂದು ಬಿಟ್ಟರೆ ಬೇರೊಂದು ತೊಡಕು. ಉಬ್ಬಸಕ್ಕೆ ವೈದ್ಯರು ಕೊಡುವ ಪ್ರೆಡ್ನಿಸೊಲೋನ್ ಕೂಡ ಸ್ಟೀರಾಯ್ಡೇ. ಅದು ದೀರ್ಘಕಾಲ ಹೆಚ್ಚು ಪ್ರಮಾಣದಲ್ಲಿ ದೇಹ ಸೇರಿದರೆ ಸ್ನಾಯು ಬೆಳೆಯುವ ಬದಲು ಸೊರಗುತ್ತದೆ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ, ರೋಗಿ ತನಗೆ ಬೇಕಾದ ಔಷಧಕ್ಕೇ ಹೆದರಿಯಾನು.

ಅನಾಬಾಲಿಕ್ ಎಂದರೆ ದೇಹದಲ್ಲಿ ಕಟ್ಟುವ ಕ್ರಿಯೆಗೆ ಸೇರಿದ್ದು; ‘ಚಯಾಪಚಯ’ದಲ್ಲಿ (ಮೆಟಬಾಲಿಸಂ) ಅದೇ ಅರ್ಥ ಕೊಡುವ ‘ಚಯ’ವನ್ನು ತೆಗೆದುಕೊಂಡು ‘ಚಯಕಾರಕ’ ಎನ್ನಬಹುದು. ಶಾಸ್ತ್ರೀಯವಾಗಿ ಅದು ನಿಖರ, ಆದರೆ ಎಷ್ಟು ಜನರಿಗೆ ತಿಳಿದೀತು? ‘ಸ್ನಾಯುವರ್ಧಕ’ ಸುಲಭವಾಗಿ ತಿಳಿಯುತ್ತದೆ, ಆದರೆ ಟಾನಿಕ್ಕಿನ ಜಾಹೀರಾತಿನಂತೆ ಕೇಳಿಸುತ್ತದೆ, ಲಾಭವನ್ನಷ್ಟೇ ಹೇಳುತ್ತದೆ. ಈ ಔಷಧಗಳ ಪೂರ್ಣ ಹೆಸರು ಅನಾಬಾಲಿಕ್ ಆಂಡ್ರೊಜೆನಿಕ್ ಸ್ಟೀರಾಯ್ಡ್. ಸ್ನಾಯು ಬೆಳೆಸುವ ಗುಣವನ್ನು ಗಂಡಸುತನದ ಲಕ್ಷಣ ತರುವ ಗುಣದಿಂದ ಪೂರ್ತಿ ಬೇರ್ಪಡಿಸಲು ಯಾವ ಔಷಧದಲ್ಲೂ ಸಾಧ್ಯವಾಗಿಲ್ಲ. ಹಾಗಾಗಿ ನನ್ನ ಒಲವು ‘ಪುರುಷ ಹಾರ್ಮೋನ್ ಸ್ಟೀರಾಯ್ಡ್’ ಎಂಬುದರ ಕಡೆಗೆ. ಹೊರಗಿನಿಂದ ಈ ಹಾರ್ಮೋನ್ ಬಂದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಕಳಿಸುವ ತನ್ನ ಸಂಕೇತವನ್ನು ತಗ್ಗಿಸುವುದರಿಂದಲೇ ವೃಷಣಗಳು ಕುಗ್ಗಿ ವೀರ್ಯಾಣುಗಳು ಕಡಿಮೆಯಾಗುತ್ತವೆ ಎಂಬುದನ್ನೂ, ಮಹಿಳಾ ಪಟುಗಳ ಧ್ವನಿ ಏಕೆ ಗಡುಸಾಗುತ್ತದೆ ಎಂಬುದನ್ನೂ ವಿವರಿಸಲು ಈ ಹೆಸರೇ ದಾರಿ ಮಾಡಿಕೊಡುತ್ತದೆ. ವೈದ್ಯಕೀಯ ಬರಹಗಳಲ್ಲಿ ಇದಕ್ಕಿಂತ ಅಡಕವಾದ ರೂಪವನ್ನು ಯಾರಾದರೂ ಬಳಸಿದ್ದರೆ ದಯವಿಟ್ಟು ತಿಳಿಸಬೇಕು.