ಹೊಸ ಕಾರ್ಟ್ರಿಜ್ ಹಾಕಿದ ಮೇಲೆ ‘ಸ’ ಸೀಳ್ತಿದೆ, ಅನುಭವ ಇರೋರು ಹೇಳಿ

ಪ್ರಶ್ನೆ: ಅಪ್ಪನ ರೆಕಾರ್ಡ್ ಹಾಡಿಸೋ ಟರ್ನ್‌ಟೇಬಲ್‌ಗೆ ಆಡಿಯೋ-ಟೆಕ್ನಿಕಾ ಕಂಪನಿಯ ವಿಎಂ95ಇ ಕಾರ್ಟ್ರಿಜ್ (ಸೂಜಿ ಹೊತ್ತ ಪುಟ್ಟ ಡಬ್ಬಿ) ಕೂರಿಸಿದೀನಿ. ಎಲ್‌ಪಿಯ ಮೊದಲ ಹಾಡು ಸೊಗಸಾಗಿದೆ. ಲೇಬಲ್ ಹತ್ತಿರದ ಕೊನೇ ಹಾಡಲ್ಲಿ ‘ಸ’, ‘ಶ’ ಬಂದಲ್ಲೆಲ್ಲ ಚರ್ ಅನ್ನುತ್ತೆ. ಪ್ಲೇಟು ಸವೆಯದಿರಲಿ ಅಂತ ಸೂಜಿ ಒತ್ತೋ ಭಾರ 1.5 ಗ್ರಾಂ ಇಟ್ಟಿದೀನಿ.

ಮೈಸೂರಿನಿಂದ: ಸವೆಯದಿರಲಿ ಅಂತ ಇಟ್ಟಿದ್ದೇ ಸವೆಸ್ತಿದೆ ಸ್ವಾಮಿ. ಆ ಸೂಜಿಗೆ ಕಂಪನಿ ಹೇಳೋದು 1.8ರಿಂದ 2.2, ಸರಿಯಾಗಿ 2 ಗ್ರಾಂ. ಕಮ್ಮಿಯಾದರೆ ಸೂಜಿ ಗೀರಿನ ಗೋಡೆ ಹಿಡಿಯದೆ ಕುಣಿದು ಬಡಿಯುತ್ತೆ. ನಾನೂ ಇದೇ ಜಿಪುಣತನ ಮಾಡಿ ಒಂದು ಒಳ್ಳೇ ಪ್ಲೇಟು ಕಳ್ಕೊಂಡೆ.

ಆ್ಯಂಟಿಸ್ಕೇಟಿಂಗ್ (ಸೂಜಿಯ ತೋಳು ನಡುವಿನ ಕಡೆ ಜಾರದ ಹಾಗೆ ಹೊರಗೆಳೆಯೋ ತಿರುಪು) ಸೊನ್ನೆಗೆ ತನ್ನಿ. ಸೂಜಿಯ ಮುಚ್ಚಳ ತೆಗೆದು, ಹಿಂದಿನ ತೂಕದ ಗುಂಡು ತಿರುಗಿಸ್ತಾ ತೋಳು ತಕ್ಕಡಿ ದಂಡದ ಹಾಗೆ ಸಮವಾಗಿ ತೇಲೋ ಹಾಗೆ ಮಾಡಿ. ಈಗ ಗುಂಡು ಅಲ್ಲಾಡದ ಹಾಗೆ ಹಿಡ್ಕೊಂಡು ಅಂಕಿ ಇರೋ ಬಳೆ ಮಾತ್ರ ಸೊನ್ನೆಗೆ ತಿರುಗಿಸಿ. ಆಮೇಲೆ ಎರಡನ್ನೂ ಒಟ್ಟಿಗೆ 2ಕ್ಕೆ. ಆ್ಯಂಟಿಸ್ಕೇಟಿಂಗ್‌ ಕೂಡ ಸದ್ಯಕ್ಕೆ 2.

ಶಿವಮೊಗ್ಗದಿಂದ: ಅಂಕಿ ನಂಬಬೇಡಿ, ಪುಟ್ಟ ಡಿಜಿಟಲ್ ತಕ್ಕಡೀಲಿ ಅಳೀರಿ. ತಕ್ಕಡಿ ತಟ್ಟೆ ಪ್ಲೇಟಿನ ಎತ್ತರಕ್ಕೇ ಇರಲಿ. ಕಬ್ಬಿಣದ ತಟ್ಟೆಯಾದರೆ ಕಾರ್ಟ್ರಿಜ್‌ನ ಅಯಸ್ಕಾಂತ ಎಳೆದು ತಪ್ಪು ತೋರಿಸುತ್ತೆ.

ಆದರೆ ಕೊನೇ ಹಾಡಲ್ಲಿ ಮಾತ್ರ ಅಂದರೆ ಕಾರ್ಟ್ರಿಜ್ ಕೂತ ಕೋನವೂ ತಪ್ಪಿರಬೇಕು. ಅಲ್ಲಿ ಸುತ್ತು ಚಿಕ್ಕದು, ಒಂದು ಸೆಕೆಂಡಿನ ಹಾಡು ಗಿಡ್ಡ ಗೀರಿಗೆ ತುಂಬಿರುತ್ತೆ, ಸಣ್ಣ ತಪ್ಪೂ ಕೇಳಿಸುತ್ತೆ. ಕೋನ ನೋಡೋಕೆ ಪ್ಲೇಟಿನ ಜಾಗದಲ್ಲಿಡೋ ಪ್ರೊಟ್ರಾಕ್ಟರ್ ಕಾಗದದಲ್ಲಿ ನಡುವಿಂದ 66 ಮತ್ತು 121 ಮಿ.ಮೀ. ಹತ್ತಿರ ಎರಡು ಚುಕ್ಕೆ ಇರುತ್ತವೆ. ಎರಡರಲ್ಲೂ ಸೂಜಿ ಹೊತ್ತ ಕಡ್ಡಿ ಗೆರೆಗೆ ನೇರ ನಿಲ್ಲಬೇಕು, ಕಾರ್ಟ್ರಿಜ್ ಡಬ್ಬಿ ನೋಡಿ ಮೋಸಹೋಗಬೇಡಿ. ಸ್ಕ್ರೂ ಬಿಗಿ ಮಾಡುವಾಗ ಅದು ಕೂದಲೆಳೆಯಷ್ಟು ತಿರುಗಿಬಿಡುತ್ತೆ, ಮತ್ತೆ ನೋಡಿ. ನಂಗೆ ಮೊದಲ ಸಲ ಒಂದು ಭಾನುವಾರ ಪೂರ್ತಿ ಹೋಯ್ತು.

ಧಾರವಾಡದಿಂದ: ತಂತಿ ಸಿಗಸೋಮುಂದ ಬಣ್ಣ ನೋಡ್ರಿ: ಬಿಳಿ, ನೀಲಿ ಎಡ ಸ್ಪೀಕರಿಂದು; ಕೆಂಪು, ಹಸಿರು ಬಲದ್ದು. ಕಾರ್ಟ್ರಿಜ್ ಹಿಂದಿನ ಪಿನ್ನಿಗೆ ಬೆಸುಗೆ ಮಾತ್ರ ಹಾಕಬ್ಯಾಡ್ರಿ, ಕಾವಿಗೆ ಒಳಗಿನ ಕಾಯಿಲ್ ಹೋಗತೈತಿ. ಅಪ್ಪಾರ 78ರ (ನಿಮಿಷಕ್ಕ 78 ಸುತ್ತಿನ ಹಳೇ) ಪ್ಲೇಟ ಇದ್ರ ಈ ಸೂಜೀಲೆ ಹಚ್ಚಬ್ಯಾಡ್ರಿ. ಆ ಗೀರು ಅಗಲ, ಸೂಜಿ ತಳದಾಗ ಕಸದಾಗ ಒದ್ದಾಡತದ. ಇದೇ ಡಬ್ಬಿಗೆ ಕೂಡೋ 78ರ ಸೂಜಿ ಬ್ಯಾರೇನ ಸಿಗತದ, ಅದರ ಭಾರನೂ ಬ್ಯಾರೆ.

ಕೇಳಿದವರು: ತಕ್ಕಡೀಲಿ ನೋಡಿದರೆ 1.5 ಅಲ್ಲ, 1.2 ಇತ್ತು! ಬಳೆ ಸೊನ್ನೆ ಮಾಡಿರಲೇ ಇಲ್ಲ. ಈಗ 2 ಗ್ರಾಂ, ಕೋನವೂ ಸರಿ, ಚರ್ ನಿಂತಿದೆ. ಅಪ್ಪ ದಿನಾ ಹಾಕ್ತಿದ್ದ ಒಂದು ಪ್ಲೇಟಲ್ಲಿ ಮಾತ್ರ ಇನ್ನೂ ಇದೆ.

ಮೈಸೂರಿನಿಂದ: ಅದು ಹಳೇ ಸೂಜಿ ಕೆರೆದಿದ್ದು. ಇನ್ನು ಏನು ತಿರುಗಿಸಿದರೂ ಹೋಗಲ್ಲ.