ಪದಚರ್ಚೆ: ಸಿಚುವಾನ್ ಊಟದ ‘ಮಾ’ ಎಂಬುದಕ್ಕೆ ‘ಜುಮ್ಮು’ ಸರಿಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಚೀನಾದ ಸಿಚುವಾನ್ ಪ್ರಾಂತ್ಯದ ಹಳ್ಳಿಮನೆಗಳ ಅಡುಗೆಯನ್ನು ಕುರಿತು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆಚ್ಚಿನ ಪದಗಳಿಗೆ ದಾರಿ ಸಿಕ್ಕಿದೆ. ‘ಮಾ’ ಎಂಬ ಒಂದು ಪದಕ್ಕೆ ಮಾತ್ರ ನಿಮ್ಮೆಲ್ಲರ ನೆರವು ಬೇಕು. ಹ್ವಾಜ್ಯಾವ್ ಎಂಬ ಪುಟ್ಟ ಕಾಯಿಯ ಸಿಪ್ಪೆಯನ್ನು ಅಗಿದಾಗ ತುಟಿ, ನಾಲಿಗೆಗಳಲ್ಲಿ ಏಳುವ ಅನುಭವಕ್ಕೆ ಅಲ್ಲಿನವರು ಇಟ್ಟ ಹೆಸರು ಅದು. ಮೆಣಸಿನಕಾಯಿಯ ಉರಿಗೆ ಅವರಲ್ಲಿ ‘ಲಾ’ ಎಂಬ ಬೇರೆಯೇ ಪದವಿದೆ. ಎರಡೂ ಕೂಡಿದರೆ ‘ಮಾಲಾ’. ನಾವು ಎರಡನ್ನೂ ‘ಖಾರ’ ಎಂದು ಬರೆದು ಕೈತೊಳೆದುಕೊಂಡರೆ ಆ ಅಡುಗೆಯ ಅರ್ಧ ಜೀವವೇ ಹೋಗುತ್ತದೆ.

ಮೊದಲು ಈ ಊಟ ಸಿಗುವ ಜಾಗದ ಬಗ್ಗೆ ಎರಡು ಮಾತು. ಪ್ರಾಂತ್ಯದ ರಾಜಧಾನಿ ಚೆಂಗ್ಡುವಿನ ಹೊರವಲಯದಲ್ಲಿ ‘ನೋಂಗ್‌ಜ್ಯಾಲ’ ಎಂಬ ಊಟದ ಮನೆಗಳಿವೆ. ಪೀಡು ಸೀಮೆಯ ನೋಂಗ್‌ಕ ಎಂಬ ಹಳ್ಳಿಯಲ್ಲಿ ಹೂಗಿಡ, ಸಸಿ ಬೆಳೆಯುವ ರೈತರು 1980ರ ದಶಕದಲ್ಲಿ ಪೇಟೆಯಿಂದ ಬಂದವರಿಗೆ ತಮ್ಮ ಅಂಗಳದಲ್ಲೇ ಊಟ ಹಾಕತೊಡಗಿದರು. ಈ ಪದ್ಧತಿಯ ತವರು ಅದೇ ಎಂದು ಚೀನಾದಲ್ಲಿ ಹೇಳುತ್ತಾರೆ. ಬೆಳಗ್ಗೆ ಹೋಗಿ ಚಹಾ ಕುಡಿದು, ಮಾಜಾಂಗ್ ಆಡಿ, ಮಧ್ಯಾಹ್ನ ಉಂಡು, ಮತ್ತೆ ಆಡಿ, ರಾತ್ರಿಯ ಊಟವನ್ನೂ ಮುಗಿಸಿ ಹೊರಡುವುದು ರೂಢಿ. ಹೆಸರಿನಲ್ಲಿ ರೈತ, ಮನೆ, ಸಂತೋಷ ಮೂರೂ ಇವೆ. ‘ಹೋಂಸ್ಟೇ’ ಎಂದರೆ ರಾತ್ರಿ ಉಳಿಯುವ ಜಾಗ, ‘ಖಾನಾವಳಿ’ ಎಂದರೆ ಉಂಡು ಎದ್ದುಹೋಗುವ ಪೇಟೆಯ ಜಾಗ. ಎರಡೂ ಒಗ್ಗುವುದಿಲ್ಲ. ನಾನು ‘ಒಕ್ಕಲುಮನೆ’ ಎಂದು ಬರೆದುಕೊಂಡಿದ್ದೇನೆ. ಒಕ್ಕಲು ಎಂಬುದರಲ್ಲಿ ಬೇಸಾಯಗಾರನೂ ಇದ್ದಾನೆ, ವಾಸವೂ ಇದೆ. ಕರಾವಳಿಯಲ್ಲಿ ಹೊಸ ಮನೆಗೆ ಸೇರುವ ದಿನವನ್ನು ಇಂದಿಗೂ ‘ಮನೆ ಒಕ್ಕಲು’ ಎನ್ನುತ್ತಾರಲ್ಲ. ಈ ಪದದ ಬಗ್ಗೆ ನನಗೆ ಅಳುಕಿಲ್ಲ.

ಒಕ್ಕಲುಮನೆಯ ಊಟದಲ್ಲಿ ಬಹಳಷ್ಟನ್ನು ಕನ್ನಡ ಸಲೀಸಾಗಿ ಹೇಳಬಲ್ಲದು. ಅಕ್ಕಿಯನ್ನು ಅರೆಬೇಯಿಸಿ, ಬಸಿದು, ಮರದ ಪಾತ್ರೆಯಲ್ಲಿ ಹಬೆಗೆ ಇಡುತ್ತಾರೆ. ಬಸಿದ ಗಂಜಿಯನ್ನು ಚೆಲ್ಲದೆ ಅದರಲ್ಲೇ ಸೊಪ್ಪು, ತರಕಾರಿ ಬೇಯಿಸುತ್ತಾರೆ. ಗಡಿಗೆಯ ಉಪ್ಪುನೀರಿನಲ್ಲಿ ಹುಳಿಬಂದ ಮೂಲಂಗಿ, ಅಲಸಂದೆ ಕೋಡು ಇರುತ್ತವೆ. ಚಳಿಗಾಲದಲ್ಲಿ ಉಪ್ಪು ಸವರಿ ಹೊಗೆಗೆ ತೂಗುಹಾಕಿದ ಹಂದಿಮಾಂಸ ಇರುತ್ತದೆ. ಎಲ್ಲಕ್ಕಿಂತ ಹೆಸರಾದದ್ದು ಹ್ವೇಗುವೊರೋ, ಅಂದರೆ ಬಾಣಲೆಗೆ ಮರಳಿದ ಮಾಂಸ. ಹಂದಿಯ ತೊಡೆಯ ತುಂಡನ್ನು ಇಡಿಯಾಗಿ ಬೇಯಿಸಿ, ಆರಿಸಿ, ತೊಗಲು ಕೊಬ್ಬುಗಳ ಸಮೇತ ತೆಳ್ಳಗೆ ಹೆಚ್ಚಿ ಮತ್ತೆ ಹುರಿಯುತ್ತಾರೆ. ಕೊಬ್ಬು ಕರಗುತ್ತಾ ಚೂರುಗಳ ಅಂಚು ಮೇಲೆದ್ದು ನಡುವೆ ಗುಳಿ ಬೀಳಬೇಕು. ಆ ಆಕಾರಕ್ಕೆ ಅಲ್ಲಿನ ಅಡುಗೆಯವರ ಹೆಸರು ‘ಹಣತೆಯ ಗುಳಿ’ ಎಂಬರ್ಥದ್ದೇ. ಆಮೇಲೆ ಬೀಳುವುದು ಪೀಡುವಿನದೇ ದೋಬಾನ್‌ಜ್ಯಾಂಗ್. ಬಾಕಲೆ ಬೇಳೆ ಮತ್ತು ಕೆಂಪು ಮೆಣಸಿನಕಾಯಿಗಳನ್ನು ಉಪ್ಪಿನೊಡನೆ ಹುದುಗುಹಾಕಿ, ಬಿಸಿಲಿಗೆ ತೆರೆದು, ಮಳೆಗೆ ಮುಚ್ಚಿ, ಹಗಲು ಕೈಯಾಡಿಸಿ, ರಾತ್ರಿ ಇಬ್ಬನಿಗೆ ಬಿಟ್ಟು, ಒಂದು ವರ್ಷವೋ ಇನ್ನೂ ಹೆಚ್ಚೋ ಮಾಗಿಸಿದ ಕಡುಗೆಂಪು ಮುದ್ದೆ. ಹಸಿ ಬೆಳ್ಳುಳ್ಳಿ ಸೊಪ್ಪು ಸೇರಿದರೆ ಕೆಲಸ ಮುಗಿಯಿತು. ಇಲ್ಲಿಯವರೆಗೆ ‘ಖಾರ’ ಎಂಬ ಪದಕ್ಕೆ ಯಾವ ಕಷ್ಟವೂ ಇಲ್ಲ.

ಕಷ್ಟ ಬರುವುದು ಅದೇ ಮೇಜಿನ ಸಾಧುವಾದ ಬಟ್ಟಲಲ್ಲಿ. ದೋಹ್ವಾ ಎಂದರೆ ಸೋಯಾ ಹಾಲನ್ನು ಲವಣದ ನೀರು ಬೆರೆಸಿ ಒಡೆಸಿ ಕೂಡಿಸಿದ್ದು, ನಮ್ಮ ಗಿಣ್ಣಿನಷ್ಟು ಮೆತ್ತಗೆ, ತನ್ನಷ್ಟಕ್ಕೆ ಪೂರ್ತಿ ಸಪ್ಪೆ. ಪಕ್ಕದ ಪುಟ್ಟ ಬಟ್ಟಲಲ್ಲಿ ಮೆಣಸಿನಕಾಯಿ ಎಣ್ಣೆ, ದೋಬಾನ್‌ಜ್ಯಾಂಗ್, ಹೆಚ್ಚಿದ ಈರುಳ್ಳಿ ಸೊಪ್ಪು, ಹುರಿದು ಪುಡಿಮಾಡಿದ ಹ್ವಾಜ್ಯಾವ್. ಒಂದು ತುಣುಕನ್ನು ಅದ್ದಿ ಬಾಯಿಗಿಟ್ಟರೆ ಮೊದಲು ನಾಲಿಗೆ ಉರಿಯುತ್ತದೆ. ತುಸು ತಡೆದು, ನಿಂಬೆ ಸಿಪ್ಪೆಯ ಘಮದ ಹಿಂದೆಯೇ, ತುಟಿಯ ಅಂಚು ಸಣ್ಣಗೆ ಅದುರತೊಡಗುತ್ತದೆ. ಬಾಯಲ್ಲಿ ನೀರೂರುತ್ತದೆ. ಉರಿ ಇಳಿದ ಮೇಲೂ ಅದುರು ನಿಲ್ಲುವುದಿಲ್ಲ. ಆ ಅದುರು ‘ಮಾ’.

ಇದಕ್ಕೆ ‘ಮರಗಟ್ಟಿಸುವ ಖಾರ’ ಎಂದು ಬರೆಯುವುದುಂಟು. ಇದನ್ನು ನಾನು ಒಪ್ಪಲಾರೆ. ಮರಗಟ್ಟುವುದು ಎಂದರೆ ಅರಿವು ಇಲ್ಲವಾಗುವುದು, ಹಲ್ಲು ಕೀಳುವ ಮುನ್ನ ವೈದ್ಯರು ಕೊಡುವ ಚುಚ್ಚುಮದ್ದಿನ ಕೆಲಸ. ಹ್ವಾಜ್ಯಾವ್ ಹೆಚ್ಚಾದರೆ ಬಾಯಿ ಸ್ವಲ್ಪ ಮಂದವಾಗುವುದು ನಿಜ, ಆದರೆ ಮೊದಲು ಆಗುವುದು ಅದಕ್ಕೆ ತದ್ವಿರುದ್ಧ. ಲಂಡನ್ನಿನ ಸಂಶೋಧಕರು 2013ರಲ್ಲಿ ಇದನ್ನು ಅಳೆದು ನೋಡಿದರು. ಜನರ ತುಟಿಗೆ ಹ್ವಾಜ್ಯಾವ್ ಹಚ್ಚಿ, ಬೆರಳಿಗೆ ಯಂತ್ರದ ಕಂಪನ ಕೊಟ್ಟು, ಎರಡನ್ನೂ ಹೋಲಿಸಿ ಹೇಳುವಂತೆ ಕೇಳಿದರು. ತುಟಿಯ ಅದುರು ಸೆಕೆಂಡಿಗೆ ಸುಮಾರು 50 ಕಂಪನಗಳಿಗೆ ಸಮ ಎಂದು ಕಂಡುಬಂತು. ಕಾಯಿಯಲ್ಲಿರುವ ಸ್ಯಾನ್‌ಶೂಲ್ ಎಂಬ ವಸ್ತು ಸ್ಪರ್ಶವನ್ನು ತಿಳಿಸುವ ನರಗಳನ್ನೇ ಕೆರಳಿಸುತ್ತದೆ. ಹಾಗಾದರೆ ಇದು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ನರ ಮಲಗಿಲ್ಲ, ಎದ್ದು ಕುಳಿತಿದೆ.

‘ಒಗರು’ ಸಲ್ಲದು. ಒಗರು ಬಾಯಿಯನ್ನು ಒಣಗಿಸುತ್ತದೆ, ಇದು ನೀರೂರಿಸುತ್ತದೆ. ಕೆಸುವಿನ ‘ತುರಿಕೆ’ಯೂ ಅಲ್ಲ, ಅದನ್ನು ಯಾರೂ ಬಯಸಿ ಉಣ್ಣುವುದಿಲ್ಲ. ಹತ್ತಿರ ಬರುವುದು ‘ಜೋಮು’. ಕಾಲು ಜೋಮು ಹಿಡಿದರೆ ಚೀನೀಯರೂ ‘ಮಾ’ ಎಂದೇ ಹೇಳುತ್ತಾರೆ, ಹಾಗಾಗಿ ಅರ್ಥದಲ್ಲಿ ಜೋಡಿ ಕೂಡುತ್ತದೆ. ಆದರೆ ಕನ್ನಡದ ಜೋಮಿನಲ್ಲಿ ಮಂಕು ಇದೆ, ಮರುಕ್ಷಣವೇ ಕೊಡವಿಕೊಳ್ಳಬೇಕೆನಿಸುವ ಕಿರಿಕಿರಿ ಇದೆ. ಲವಂಗವನ್ನೋ ಅಕ್ಕಲಕರೆಯನ್ನೋ ಅಗಿದಾಗ ನಾಲಿಗೆಗೆ ಜೋಮು ಎಂದರೆ ಒಪ್ಪೋಣ. ಅದು ಮದ್ದಿನ ಮಾತು, ಹಬ್ಬದೂಟದ ಮಾತಲ್ಲ.

ಇನ್ನು ಉಳಿದದ್ದು ‘ಜುಮ್ಮು’, ಮೈ ಜುಮ್ಮೆನ್ನುವುದರಲ್ಲಿ ಇರುವ ಜುಮ್ಮು. ಇದರ ಪರವಾಗಿ ನನಗಿರುವ ಗಟ್ಟಿ ಸಾಕ್ಷಿ ಒಂದು ಮರ. ನಮ್ಮ ಕರಾವಳಿ, ಮಲೆನಾಡಿನಲ್ಲಿ ಜುಮ್ಮನಕಾಯಿ ಎನ್ನುವುದು, ಕೊಂಕಣಿಯಲ್ಲಿ ತಿರ್ಫಳ ಅಥವಾ ತೆಪ್ಪಳ ಎನ್ನುವುದು, ಹ್ವಾಜ್ಯಾವಿನ ಕುಲದ್ದೇ ಕಾಯಿ. ಎರಡೂ ಜಾಂಥೊಕ್ಸಿಲಂ ಕುಲದವು, ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದವು. ಒಣಗಿದಾಗ ಎರಡೂ ಬಾಯಿ ಬಿಡುತ್ತವೆ. ಒಳಗಿನ ಹೊಳೆಯುವ ಕಪ್ಪು ಬೀಜ ಮರಳಿನಂತೆ ಹಲ್ಲಿಗೆ ಸಿಗುವುದರಿಂದ ಅಲ್ಲೂ ಇಲ್ಲೂ ಅದನ್ನು ಬಿಸುಟು ಸಿಪ್ಪೆಯನ್ನಷ್ಟೇ ಅಡುಗೆಗೆ ಬಳಸುತ್ತಾರೆ. ಬಂಗುಡೆಯ ಪದಾರ್ಥಕ್ಕೆ, ಬೇಳೆಯ ಹುಳಿಗೆ, ತೆಂಗಿನಕಾಯಿಯ ಮಸಾಲೆ ಕುದಿಯುವಾಗ ನಾಲ್ಕು ಕಾಯಿ ಜಜ್ಜಿ ಹಾಕುವುದು ನಮ್ಮ ಕಡೆಯ ಕ್ರಮ. ಬಾಯಿಗೆ ಸಿಕ್ಕರೆ ತುಟಿ ಅದುರುವುದು ಹಾಗೇ. ಈ ಕಾಯಿಗೆ ಹೆಸರಿಟ್ಟವರು ಅದರ ಬಣ್ಣವನ್ನೂ ಆಕಾರವನ್ನೂ ಬಿಟ್ಟು, ಅದು ಬಾಯಲ್ಲಿ ಮಾಡುವ ಕೆಲಸದಿಂದಲೇ ಕರೆದರು ಎಂದು ನನ್ನ ಎಣಿಕೆ. ಹಾಗಿದ್ದರೆ ‘ಮಾ’ ಎಂಬುದಕ್ಕೆ ಕನ್ನಡ ಎಂದೋ ಪದ ಕೊಟ್ಟಾಗಿದೆ.

ಜುಮ್ಮು ಎಂದರೆ ರೋಮಾಂಚನ, ಭಯ ಎಂಬ ಅರ್ಥಗಳೂ ಬರುತ್ತವಲ್ಲ ಎಂದು ಯಾರಾದರೂ ಕೇಳಬಹುದು. ಬರಲಿ. ಊಟದ ಮಾತಿನಲ್ಲಿ ತುಟಿ, ನಾಲಿಗೆ ಎಂಬ ಪದಗಳ ಪಕ್ಕ ಕೂತಾಗ ಅರ್ಥ ತಾನೇ ನಿಲ್ಲುತ್ತದೆ. ‘ಮಾಲಾ’ ಎಂಬುದಕ್ಕೆ ‘ಜುಮ್ಮುಖಾರ’ ಎಂದರೆ ನನ್ನ ಕಿವಿಗೆ ಹಿತವಾಗಿದೆ.

ಅನುವಾದ ಮಾಡುವವರಿಗೆ ಒಂದು ಎಚ್ಚರಿಕೆ. ಚೀನೀ ಬರಹದಲ್ಲಿ ‘ಮಾ’ ಕಂಡಲ್ಲೆಲ್ಲ ಜುಮ್ಮು ಹಾಕುವಂತಿಲ್ಲ. ಚೆಂಗ್ಡುವಿನ ಪ್ರಸಿದ್ಧ ಮಾಪೊ ದೋಫು (ದೋಫು ಎಂದರೆ ನಾವು ತೋಫು ಎನ್ನುವ ಸೋಯಾ ಗಿಣ್ಣು) ಎಂಬ ಪದಾರ್ಥದಲ್ಲಿ ಹ್ವಾಜ್ಯಾವ್ ಧಾರಾಳವಾಗಿದ್ದರೂ, ಹೆಸರಿನ ‘ಮಾ’ ಅದಲ್ಲ. ಮುಖದಲ್ಲಿ ಸಿಡುಬಿನ ಕಲೆಗಳಿದ್ದ ಅಜ್ಜಿಯ ದೋಫು ಎಂಬುದು ಅದರ ಅರ್ಥ. ಸೆಣಬಿನ ಜಾತಿಯ ನಾರಿಗೂ ಅದೇ ಅಕ್ಷರ.

ಕಾಯಿಯ ಹೆಸರಿನ ಬಗ್ಗೆಯೂ ಒಂದು ಮಾತಿದೆ. ಇಂಗ್ಲಿಷಿನ ಜಾಡಿನಲ್ಲಿ ‘ಸಿಚುವಾನ್ ಕಾಳುಮೆಣಸು’ ಎಂದು ಬರೆಯುವುದು ತಪ್ಪುದಾರಿ. ಕಾಳುಮೆಣಸು ಬಳ್ಳಿಯದು, ವೀಳ್ಯದೆಲೆಯ ನೆಂಟ. ಇದಕ್ಕೂ ಅದಕ್ಕೂ ರಕ್ತಸಂಬಂಧವಿಲ್ಲ. ಆದರೆ ಪದಗಳ ನಡೆಯಲ್ಲಿ ಎರಡೂ ಭಾಷೆಗಳಿಗೆ ಬಹಳ ಹೊಂದಿಕೆಯಿದೆ. ಚೀನೀ ಭಾಷೆಯಲ್ಲಿ ಹಿಂದೆ ‘ಜ್ಯಾವ್’ ಎಂದರೆ ಈ ಜುಮ್ಮಿನ ಕಾಯಿಯೇ. ಹೊರನಾಡಿನಿಂದ ಕಾಳುಮೆಣಸು ಬಂದಾಗ ಅದು ‘ಹೂಜ್ಯಾವ್’ ಆಯಿತು, ಅಮೆರಿಕ ಖಂಡದ ಮೆಣಸಿನಕಾಯಿ ಬಂದಾಗ ‘ಲಾಜ್ಯಾವ್’ ಆಯಿತು. ನಮ್ಮಲ್ಲೂ ಮೆಣಸು ಎಂದರೆ ಕಾಳುಮೆಣಸೇ ಆಗಿತ್ತು. ಹೊಸ ಕಾಯಿ ಬಂದು ಆ ಹೆಸರನ್ನು ಹೊದ್ದುಕೊಂಡಿತು, ಹಳೆಯದು ‘ಕಾಳು’, ‘ಕರಿ’ ಎಂಬ ಗುರುತು ಕಟ್ಟಿಕೊಳ್ಳಬೇಕಾಯಿತು. ಹೀಗಾಗಿ ಹ್ವಾಜ್ಯಾವಿಗೆ ‘ಚೀನೀ ಜುಮ್ಮನಕಾಯಿ’ ಎನ್ನುವುದು ಸಸ್ಯದ ದೃಷ್ಟಿಯಿಂದಲೂ ನುಡಿಯ ದೃಷ್ಟಿಯಿಂದಲೂ ನ್ಯಾಯವೆಂದು ನನಗೆ ತೋರುತ್ತದೆ.

ಬಳಗದವರಲ್ಲಿ ನನ್ನ ಕೋರಿಕೆ ಇಷ್ಟು. ಉತ್ತರ ಕನ್ನಡ, ಶಿವಮೊಗ್ಗ, ಉಡುಪಿ, ದಕ್ಷಿಣ ಕನ್ನಡದವರು ನಿಮ್ಮ ಮನೆಯಲ್ಲಿ ಈ ಕಾಯಿಯನ್ನು ಏನೆಂದು ಕರೆಯುತ್ತೀರಿ? ಅದು ಬಾಯಿಗೆ ಸಿಕ್ಕಾಗ ಅಮ್ಮ, ಅಜ್ಜಿ ಬಳಸುತ್ತಿದ್ದ ಕ್ರಿಯಾಪದ ಯಾವುದು? ‘ಜುಮ್ಮೆನ್ನುತ್ತದೆ’ ಎನ್ನುತ್ತಿದ್ದರೋ, ‘ಜುಮುಗುಟ್ಟುತ್ತದೆ’ ಎನ್ನುತ್ತಿದ್ದರೋ, ಬೇರೆ ಮಾತೇ ಇತ್ತೋ? ಹವ್ಯಕ ಕನ್ನಡ, ತುಳು, ಕೊಂಕಣಿ, ಬ್ಯಾರಿ ಮಾತನಾಡುವವರು ನಿಮ್ಮ ನುಡಿಯ ಪದವನ್ನೂ ಅದು ಬರುವ ಒಂದು ಪೂರ್ತಿ ವಾಕ್ಯವನ್ನೂ ಕೊಟ್ಟರೆ ಉಪಕಾರವಾಗುತ್ತದೆ. ಬಯಲುಸೀಮೆಯಲ್ಲಿ ಈ ಕಾಯಿಯ ಬಳಕೆ ಇಲ್ಲದಿದ್ದರೂ, ನಾಲಿಗೆ ಹೀಗೆ ಅದುರುವುದಕ್ಕೆ ‘ಜುಮ್ಮು’ ಎಂದರೆ ನಿಮಗೆ ಒಡನೆ ಅರ್ಥವಾಗುತ್ತದೆಯೇ ಎಂಬುದನ್ನೂ ತಿಳಿಸಿ. ‘ಜುಮ್ಮುಖಾರ’ಕ್ಕಿಂತ ಒಳ್ಳೆಯ ಜೋಡುಪದ ಹೊಳೆದರೆ ಅದನ್ನೂ ಬರೆಯಿರಿ.