ರಿಟನ್‌ಹೌಸ್ ಬಿಷಪ್ಪೋ, ಬರೀ ಬೋಧಕನೋ? (ಪ್ರಿಂಟಿಂಗ್ ಡಿಪ್ಲೊಮಾ ಹಳೇ ಬ್ಯಾಚ್)

ನಾಗರಾಜ್: (ಫಾರ್ವರ್ಡ್) "ವಿಲಿಯಂ ರಿಟನ್‌ಹೌಸ್, ಅಮೆರಿಕದ ಮೊದಲ ಮೆನ್ನೊನೈಟ್ (ಒಂದು ಕ್ರೈಸ್ತ ಪಂಥ) ಬಿಷಪ್. 1690ರಲ್ಲಿ ಅಲ್ಲಿನ ಮೊದಲ ಕಾಗದದ ಗಿರಣಿಯನ್ನು ಒಬ್ಬನೇ ಕಟ್ಟಿದ. ಜರ್ಮನ್‌ಟೌನಿನ 1688ರ ಗುಲಾಮಗಿರಿ ವಿರೋಧಿ ಮನವಿಗೂ ಸಹಿ ಹಾಕಿದ."

ವೀಣಾ: ನಾಗಣ್ಣ, ಇದನ್ನ ಯಾರು ಬರೆದ್ರೋ! ಆ ಮನವಿಗೆ ಸಹಿ ನಾಲ್ಕೇ: ಪಾಸ್ಟೋರಿಯಸ್, ಗ್ಯಾರೆಟ್ ಹೆಂಡರಿಕ್ಸ್, ಆಪ್ ಡೆನ್ ಗ್ರಾಫ್ ಅಣ್ಣತಮ್ಮ ಇಬ್ಬರು. ಇವನು ಇಲ್ಲ. ಗಿರಣಿಗೂ ಪಾಲುದಾರರಿದ್ರು, ಫಿಲಡೆಲ್ಫಿಯಾದ ಮುದ್ರಕ ವಿಲಿಯಂ ಬ್ರಾಡ್‌ಫರ್ಡ್ ಒಬ್ಬ.

ಇಕ್ಬಾಲ್: ಬಿಷಪ್ ಅನ್ನೋದೂ ಅನುಮಾನವೇ. 1698ರಲ್ಲಿ ಸಭೆಯವರು ತಮ್ಮೊಳಗಿಂದಲೇ ಬೋಧಕನಾಗಿ ಆರಿಸಿದ್ರು, ಅಷ್ಟು ಖಚಿತ. ದೀಕ್ಷಾಸ್ನಾನ ಕೊಡೋದು ಎಲ್ಡರ್, ಅಂದ್ರೆ ಬಿಷಪ್ ಕೆಲಸ, ಸಾದಾ ಬೋಧಕನದ್ದಲ್ಲ. ಇವನು ತೀರಿಕೊಂಡಿದ್ದು 1708ರ ಫೆಬ್ರುವರಿ. ಆ ಸಭೇಲಿ ಮೊದಲ ದೀಕ್ಷಾಸ್ನಾನ ಆಗಿದ್ದು ಅದೇ ವರ್ಷ ಮೇ ತಿಂಗಳಲ್ಲಿ, 11 ಜನಕ್ಕೆ, ಯಾಕೋಬ್ ಗಾಟ್‌ಶಾಕ್ ಕೈಲಿ.

ನಾಗರಾಜ್: 1703ಕ್ಕೇ ಬಿಷಪ್ ಆದ ಅಂತ ಎಷ್ಟೋ ಕಡೆ ಇದೆಯಲ್ಲೋ.

ಇಕ್ಬಾಲ್: ಇದೆ. ಹಾಗಾದ್ರೆ ಐದು ವರ್ಷ ಒಬ್ಬರಿಗೂ ಯಾಕೆ ಸ್ನಾನ ಕೊಡಲಿಲ್ಲ? ಅದಕ್ಕೆ ಉತ್ತರ ಹೇಳು.

ವೀಣಾ: ಬೋಧನೆಗೆ ಸಂಬಳ ಇಲ್ಲ, ಹೊಟ್ಟೆಪಾಡು ಕಾಗದದಿಂದ. ಬ್ರಾಡ್‌ಫರ್ಡ್ ನ್ಯೂಯಾರ್ಕಿಗೆ ಹೋದ್ಮೇಲೆ, 1697ರಲ್ಲಿ ತನ್ನ ಪಾಲನ್ನ ಇವನಿಗೂ ಮಗ ನಿಕೊಲಸ್‌ಗೂ ಹತ್ತು ವರ್ಷದ ಗುತ್ತಿಗೆಗೆ ಕೊಟ್ಟ. ವರ್ಷದ ಬಾಡಿಗೆ ಕಾಗದದಲ್ಲೇ: ಅಚ್ಚಿನದು 7 ರೀಮ್, ಬರೆಯೋದು 2, ನೀಲಿ 2.

ನಾಗರಾಜ್: ಬರೆಯೋದು ಯಾಕೆ ಅಷ್ಟು ಕಮ್ಮಿ? ಬ್ರಾಡ್‌ಫರ್ಡ್ ಮುದ್ರಕ ಅಂತಲಾ?

ಇಕ್ಬಾಲ್: ಅದೂ ಒಂದು. ಇನ್ನೊಂದು ಸೈಜಿಂಗ್, ಅಂದ್ರೆ ಕಾಗದಕ್ಕೆ ಅಂಟು ಕುಡಿಸೋದು. ಲಿನನ್ ಚಿಂದಿ ವಿಂಗಡಿಸಿ, ನೆನೆಹಾಕಿ ಕೊಳೆಸಿ, ನೀರಚಕ್ರದ ಒನಕೆಗಳಲ್ಲಿ ಕುಟ್ಟಿ, ತೊಟ್ಟಿಯಿಂದ ತಂತಿ ಅಚ್ಚಲ್ಲಿ ಎತ್ತಿ, ಫೆಲ್ಟ್ (ಉಣ್ಣೆ ಬಟ್ಟೆ) ಮೇಲೆ ಮಗುಚಿ, ಒತ್ತಿ, ಅಟ್ಟದಲ್ಲಿ ಒಣಗಿಸೋದು ಎರಡಕ್ಕೂ ಒಂದೇ. ಬರೆಯೋ ಕಾಗದಕ್ಕೆ ಅದಾದ್ಮೇಲೆ ಚರ್ಮದ ತುಣುಕು ಕುದಿಸಿದ ಅಂಟಲ್ಲಿ ಅದ್ದಿ ಮತ್ತೆ ಒಣಗಿಸ್ಬೇಕು. ಸೆಖೆಗೆ ಅಂಟು ಕೊಳೆಯುತ್ತೆ, ತೆಳುವಾದ್ರೆ ಇಂಕು ಹರಡುತ್ತೆ. ಅಚ್ಚಿನ ಎಣ್ಣೆ ಮಸಿಗೆ ಅಷ್ಟು ಅಂಟು ಬೇಡ.

ವೀಣಾ: ನೀಲಿ ಅಂದ್ರೆ ಒರಟು ಹೊದಿಕೆ ಕಾಗದ. ಬಿಳಿ ಮಾಡಕ್ಕಾಗದ ನೀಲಿ ಚಿಂದಿ ಅದಕ್ಕೆ ಸಾಕು. ಮಳೆಗಾಲದಲ್ಲಿ ಹೊಳೆ ಕದಡಿದ್ರೆ ಬಿಳಿ ಕಾಗದ ಕಂದುಬಣ್ಣ ಬೇರೆ.

ನಾಗರಾಜ್: ಆ ಹೊಳೆ ಗಿರಣಿಯನ್ನೇ ಕೊಚ್ಕೊಂಡು ಹೋಯ್ತಲ್ಲ, 1701ರಲ್ಲಿ?

ವೀಣಾ: ಹೂಂ, ಮರುವರ್ಷವೇ ಮತ್ತೆ ಕಟ್ಟಿದ್ರು. ಆ ಜಾಗದ ಗುತ್ತಿಗೆ 975 ವರ್ಷಕ್ಕಂತೆ, ಯಾರು ಲೆಕ್ಕ ಹಾಕಿದ್ರೋ ಪುಣ್ಯಾತ್ಮರು 😄

ನಾಗರಾಜ್: ಸಹಿ ವಿಷಯ, ಒಬ್ಬನೇ ಕಟ್ಟಿದ ಅನ್ನೋದು ತೆಗೀತೀನಿ. ಬಿಷಪ್ ಇರ್ಲಿ.

ಇಕ್ಬಾಲ್: "ಮೊದಲ ಬೋಧಕ" ಅಂತ ಹಾಕಿ ಕಳ್ಸು ಮಾರಾಯ.